ಬೋಗುಣಿ ಕಡೆಯಲು ‘ಪೂರಾ ಸೆಟ್’ ಲೇತ್ ತಗೊಳ್ಳೋ ಮುಂಚೆ

ಮರ ತಿರುಗಿಸಿ ಕಡೆಯುವ ಲೇತ್, ಎಂಟು ಉಳಿ, ತುಂಡನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ಚಕ್, ಉಳಿ ಮಸೆಯುವ ಗ್ರೈಂಡರ್ ಎಲ್ಲ ಸೇರಿಸಿ ‘ಪೂರಾ ಸೆಟ್’ ಅಂತ ಮಾರುವ ಸಾಮಾನು ಹುಬ್ಬಳ್ಳಿಯ ಒಂದು ಶೆಡ್ಡಿಗೆ ಬಂದು, ಮೊದಲ ಬೋಗುಣಿಗೇ ಕೈಕೊಟ್ಟಿತು. 10 ಇಂಚಿನ ಮಾವಿನ ತುಂಡಿಗೆ ಸೆಟ್ಟಿನ ದಪ್ಪ ಉಳಿ ಕೊಟ್ಟಾಗ, ಅದು ಹಿಡಿಕೆಯ ಬುಡದಲ್ಲಿ ಮುರಿದು ಅಲಗು ಗೋಡೆಗೆ ಬಡಿಯಿತು. ಯಾರಿಗೂ ತಾಗಲಿಲ್ಲ, ಪುಣ್ಯ. ‘ಜೋರಾಗಿ ಒತ್ತಿದ್ದೀರಿ’ ಅಂತ ಮಾರಿದವರು ಕೈತೊಳೆದುಕೊಂಡರು.

ಒತ್ತಿದ್ದಕ್ಕೆ ಮುರಿದದ್ದಲ್ಲ. ಅದು ಸ್ಪಿಂಡಲ್ ರಫಿಂಗ್ ಗೌಜ್ (ಗೌಜ್ ಅಂದರೆ ತೋಡಿನಂಥ ಅಲಗಿನ ಉಳಿ). ಮಂಚದ ಕಾಲು, ಕಲಘಟಗಿ ತೊಟ್ಟಿಲಿನ ಕಂಬದಂಥ ಉದ್ದನೆಯ ಕೆಲಸದ್ದು. ಅಲಗು ಎಷ್ಟೇ ಅಗಲವಿರಲಿ, ಹಿಡಿಕೆಯೊಳಗೆ ಹೋಗುವ ಬಾಲ ತೆಳು ಪಟ್ಟಿ. ಕಂಬದಲ್ಲಿ ನಾರು ಉದ್ದಕ್ಕೆ ಸಾಗುತ್ತದೆ; ಬೋಗುಣಿಯಲ್ಲಿ ನಾರು ಅಡ್ಡ, ಪ್ರತಿ ಸುತ್ತಿಗೆ ಎರಡು ಸಲ ಅದರ ತುದಿ ಎದುರಾಗಿ ಉಳಿಯನ್ನು ಗುದ್ದುತ್ತದೆ. ಇದಕ್ಕೆ ಬೋಗುಣಿಯ ಉಳಿ, ಬೌಲ್ ಗೌಜೇ ಬೇಕು: ದುಂಡು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಸರಳಿನಲ್ಲಿ ಕೊರೆದದ್ದು, ಹಿಡಿಕೆಯೊಳಗೂ ಅದೇ ದಪ್ಪ. 12 ಮಿ.ಮೀ. ಸರಳಿನದು ಒಂದಿದ್ದರೆ ಆ ಎಂಟೂ ಬೇಡ.

ವೇಗವೂ ತಪ್ಪು. ಈ ಲೇತಿನ ಅತಿ ಕಡಿಮೆ ವೇಗವೇ ನಿಮಿಷಕ್ಕೆ 1100 ಸುತ್ತು. ವ್ಯಾಸದ ಇಂಚನ್ನು ಸುತ್ತಿನಿಂದ ಗುಣಿಸಿದರೆ 6000–9000ದ ಒಳಗಿರಬೇಕು ಅನ್ನೋದು ರೂಢಿಯ ಲೆಕ್ಕ, ಇಲ್ಲಿ 11000. ಅದೂ ದುಂಡಾದ ಮೇಲಿನ ಮಾತು. ಒಂದು ಕಡೆ ಭಾರವಿರುವ ಹಸಿ ತುಂಡನ್ನು 400–500ರಲ್ಲಿ ಶುರು ಮಾಡಬೇಕು. 1100ರಲ್ಲಿ ಅದರ ಅಂಚು ತಾಸಿಗೆ 50 ಕಿ.ಮೀ. ಮೀರಿ ಓಡುತ್ತಿರುತ್ತದೆ! ಮೋಟಾರು ಎಷ್ಟು ಎಚ್‌ಪಿ ಅಂತ ಕೇಳುವ ಮೊದಲು ಕೆಳಗಿನ ವೇಗ ಕೇಳಿ.

ಚಕ್ ಕಬ್ಬಿಣ ಕೆಲಸದ್ದು, ಮೂರು ದವಡೆಯದು. ಹೊರಚಾಚಿದ ದವಡೆ ಬೆರಳ ಗಂಟಿಗೆ ಬಡಿದರೆ ಮುಗೀತು. ನಾಲ್ಕು ದವಡೆಯ ವುಡ್‌ಟರ್ನಿಂಗ್ ಚಕ್ ತರಿಸಿ, ಆದರೆ ಸ್ಪಿಂಡಲ್ (ಲೇತಿನ ತಿರುಗುವ ದಂಡ) ಥ್ರೆಡ್ ನೋಡಿಕೊಂಡು: ಎಂ33×3.5 (33 ಮಿ.ಮೀ. ವ್ಯಾಸ, 3.5 ಮಿ.ಮೀ.ಗೊಂದು ಥ್ರೆಡ್) ಚಕ್ 1 ಇಂಚು 8 ಟಿಪಿಐ (ಇಂಚಿಗೆ 8 ಥ್ರೆಡ್) ಸ್ಪಿಂಡಲಿಗೆ ಕೂರುವುದಿಲ್ಲ. ಗೋಕುಲ ರಸ್ತೆ ಕಡೆ ಲೇತ್ ಕೆಲಸದವರಿಂದ ಅಡಾಪ್ಟರ್ ಮಾಡಿಸುವುದಾದರೆ ಥ್ರೆಡ್ಡನ್ನೂ ಅದರ ಹಿಂದಿನ ಮುಖವನ್ನೂ ಒಂದೇ ಹಿಡಿತದಲ್ಲಿ, ನಡುವೆ ಬಿಚ್ಚದೆ ಕಡೆಯಲು ಹೇಳಿ. ಮುಖ ಸ್ವಲ್ಪ ಓರೆಯಾದರೂ ಚಕ್ ಓಲಾಡುತ್ತದೆ.

ಅಲ್ಲಿಯವರೆಗೆ ಫೇಸ್‌ಪ್ಲೇಟ್ (ತುಂಡನ್ನು ಸ್ಕ್ರೂ ಹಾಕಿ ಕೂರಿಸುವ ತಟ್ಟೆ) ಸಾಕು. ಜಿಪ್ಸಂ ಬೋರ್ಡಿನ ಕಪ್ಪು ಸ್ಕ್ರೂ ಮಾತ್ರ ಬೇಡ, ಅಡ್ಡ ಹೊಡೆತಕ್ಕೆ ತಲೆ ಹಾರುತ್ತದೆ. ದಪ್ಪನೆಯ ಮರದ ಸ್ಕ್ರೂ ಆರಾದರೂ ಹಾಕಿ, 25 ಮಿ.ಮೀ. ಒಳಗಿಳಿಯಲಿ.

ಗ್ರೈಂಡರ್ 2800 ಸುತ್ತಿನದು, ಬೂದು ಕಲ್ಲು. ಸೆಟ್ಟಿನ ಕಾರ್ಬನ್ ಸ್ಟೀಲ್ ಉಳಿ ಅದರ ಮೇಲೆ ನೀಲಿಗಟ್ಟಿದರೆ ಹದ ಹೋಯಿತು. 8 ಇಂಚಿನ, 1440 ಸುತ್ತಿನದಕ್ಕೆ 80 ಗ್ರಿಟ್ ಬಿಳಿ ಕಲ್ಲು ಹಾಕಿಸಿ. ಸೆಟ್ಟಿನ ಕನ್ನಡಕ ಸಾಲದು. ಮುಖ ಪೂರ್ತಿ ಮುಚ್ಚುವ, ಪೆಟ್ಟು ತಡೆಯುವ ಶೀಲ್ಡ್ ಬೇಕು.

ಇಂಥ ಸೆಟ್ ಈಗಾಗಲೇ ಮನೆಗೆ ಬಂದಿದ್ದರೆ ಅದರಲ್ಲಿ ಲಟ್ಟಣಿಗೆ, ಕಡಗೋಲು ಆರಾಮಾಗಿ ಕಡೆಯಬಹುದು. ಬೋಗುಣಿಯೇ ಬೇಕೆಂದರೆ 6 ಇಂಚಿಗೆ ನಿಲ್ಲಿಸಿ, ಅದೂ ಬೌಲ್ ಗೌಜ್ ಬಂದ ಮೇಲೆ, ತುಂಡನ್ನು ಮೊದಲೇ ಗರಗಸದಲ್ಲಿ ದುಂಡಗೆ ಕೊಯ್ದು, ಟೇಲ್‌ಸ್ಟಾಕ್ (ಲೇತಿನ ಇನ್ನೊಂದು ತುದಿಯ ಆಸರೆ) ಆನಿಸಿಕೊಂಡು.