48ರಿಂದ 44.1ಕ್ಕೆ: ಚಕ್ರತಾಳ ಹಿಡಿದುಕೊಟ್ಟ ವ್ಯತ್ಯಾಸ

ಪತ್ತನಾಜೆ (ತುಳುನಾಡಿನಲ್ಲಿ ಆಟದ ತಿರುಗಾಟ ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರಿನಲ್ಲಿ ಮಳೆಗಾಲ. ವರ್ಷವಿಡೀ ರೆಕಾರ್ಡ್ ಮಾಡಿಟ್ಟ ಆಟಗಳನ್ನು ನಾನು ಆಗ ತೆಗೆದು ಕೂರುತ್ತೇನೆ. ಈ ಸಲ ದೊಡ್ಡಪ್ಪ ಒಂದು ಆಟವನ್ನು ಸಿಡಿಯಲ್ಲಿ ಕೇಳಿದರು. ಅವರ ಮನೆಯಲ್ಲಿ ಇರುವುದು ಹಳೆಯ ಸಿಡಿ ಪ್ಲೇಯರ್ ಮಾತ್ರ. ನನ್ನ ರೆಕಾರ್ಡಿಂಗ್ ಇದ್ದದ್ದು 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯ 48,000 ಅಳತೆ (ಸ್ಯಾಂಪಲ್), ವೀಡಿಯೊಗೆ ಹೊಂದಲಿ ಎಂದು. ಸಿಡಿಗೆ 44.1 ಬೇಕೇ ಬೇಕು.

ಮೊದಲು ನಾನು ಮಾಡಿದ್ದು ದೊಡ್ಡ ತಪ್ಪು. ಸ್ಯಾಂಪಲ್‌ಗಳನ್ನು ಹಾಗೇ ಬಿಟ್ಟು ಫೈಲ್‌ನ ಮೇಲಿನ ಸಂಖ್ಯೆಯನ್ನಷ್ಟೇ 44.1 ಎಂದು ಬದಲಿಸಿದೆ. ಒಂದು ಗಂಟೆಯ ಆಟ 65 ನಿಮಿಷ 18 ಸೆಕೆಂಡ್ ಆಯಿತು. ಶ್ರುತಿ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆ ಕೆಳಗೆ ಇಳಿಯಿತು. ದೊಡ್ಡಪ್ಪ ಮದ್ದಳೆ ನುಡಿಸಿದವರು, ಎರಡು ಸಾಲು ಕೇಳಿಯೇ ಹೇಳಿದರು: "ಇದು ಭಾಗವತರ ಶ್ರುತಿ ಅಲ್ಲ ಮಾರಾಯ."

ಹಾಗಾಗಿ ಸರಿಯಾಗಿಯೇ ಪರಿವರ್ತಿಸಬೇಕು. ಲೆಕ್ಕ ಇಷ್ಟು: ಪ್ರತಿ 160 ಹಳೆಯ ಸ್ಯಾಂಪಲ್‌ಗಳ ಜಾಗದಲ್ಲಿ 147 ಹೊಸದು ಕೂರಬೇಕು. ಹೊಸದರಲ್ಲಿ ಹೆಚ್ಚಿನವು ಹಳೆಯ ಎರಡರ ನಡುವೆ ಎಲ್ಲೋ ಬೀಳುತ್ತವೆ. ಆ ನಡುವಿನ ಬೆಲೆಯನ್ನು ಹೇಗೆ ಕಂಡುಹಿಡಿಯುತ್ತೇವೆ ಎನ್ನುವುದೇ ಎಲ್ಲ. (44,100 ಎಂಬ ಸಂಖ್ಯೆ ಬಂದದ್ದು ವೀಡಿಯೊ ಟೇಪ್‌ನಿಂದ. ಮೊದಮೊದಲು ಡಿಜಿಟಲ್ ಧ್ವನಿಯನ್ನು ಟೇಪಿನ ಚಿತ್ರದ ಗೆರೆಗಳಲ್ಲಿ ತುಂಬುತ್ತಿದ್ದರು. ಗೆರೆಗೆ 3 ಸ್ಯಾಂಪಲ್, 294 ಗೆರೆ, ಸೆಕೆಂಡಿಗೆ 50 ಸಲ. ಗುಣಿಸಿ ನೋಡಿ.)

ಎರಿಕ್ ಡಿ ಕ್ಯಾಸ್ಟ್ರೊ ಲೋಪೊ ಬರೆದ ಲಿಬ್‌ಸ್ಯಾಂಪಲ್‌ರೇಟ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಐದು ವಿಧಾನಗಳಿವೆ. ಅದರಲ್ಲಿ ಮೂರನ್ನು ತೆಗೆದುಕೊಂಡೆ: ಲೀನಿಯರ್, ವೇಗದ ಸಿಂಕ್ (sinc), ಅತ್ಯುತ್ತಮ ಸಿಂಕ್. ನಾಲ್ಕನೆಯದು ಸಾಕ್ಸ್ (SoX) ಎಂಬ ಇನ್ನೊಂದು ಧ್ವನಿ ತಂತ್ರಾಂಶದ 'ವೆರಿ ಹೈ' ಗುಣಮಟ್ಟ. ಎಲ್ಲದಕ್ಕೂ ಅದೇ ಮೂರು ನಿಮಿಷದ ತುಣುಕು: ಒಂದು ಪದ್ಯ, ಆಮೇಲೆ ಚೆಂಡೆ, ಚಕ್ರತಾಳದ (ದೊಡ್ಡ ಲೋಹದ ತಾಳ) ಜೋರು ಏರು.

ಲೀನಿಯರ್ ಎಂದರೆ ಎರಡು ಸ್ಯಾಂಪಲ್‌ಗಳ ನಡುವೆ ನೇರ ಗೆರೆ ಎಳೆಯುವುದು. ಪದ್ಯದಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ. ಭಾಗವತರ ಸ್ವರ, ಜಾಗಟೆ ಎಲ್ಲ ಚೆನ್ನಾಗಿಯೇ ಇತ್ತು. ಚಕ್ರತಾಳ ಶುರುವಾದದ್ದೇ ತಡ, ಅದರ ಹೊಳಪು ಹೋಗಿ ಒಂಥರಾ ಗರಗರ ಸದ್ದು ಸೇರಿಕೊಂಡಿತು. ಯಾಕೆ ಎಂದು ತಿಳಿಯಲು ಒಂದೊಂದೇ ಸ್ವರ ಕೊಟ್ಟು ಸ್ಪೆಕ್ಟ್ರೋಗ್ರಾಮ್ (ಯಾವ ಎತ್ತರದ ಸದ್ದು ಎಷ್ಟಿದೆ ಎಂದು ತೋರಿಸುವ ಚಿತ್ರ) ತೆಗೆದೆ. 15 ಕಿಲೋಹರ್ಟ್ಸ್‌ನ ಶುದ್ಧ ಸ್ವರ ಕೊಟ್ಟರೆ, 11.1ರಲ್ಲಿ ಇಲ್ಲದ ಇನ್ನೊಂದು ಸ್ವರ ಹುಟ್ಟುತ್ತದೆ! ಅಸಲಿಗಿಂತ ಬರೀ 14 ಡೆಸಿಬೆಲ್‌ನಷ್ಟು ಕಡಿಮೆ. 15ರ ನೆರಳು 48ರಿಂದ 15 ಕಳೆದರೆ ಸಿಗುವ 33ರಲ್ಲಿ ಇರುತ್ತದೆ. ನೇರ ಗೆರೆ ಅದನ್ನು ಸರಿಯಾಗಿ ಅಳಿಸುವುದಿಲ್ಲ. 44.1ಕ್ಕೆ ಬಂದಾಗ ಅದು ಮಡಚಿಕೊಂಡು 11.1ಕ್ಕೆ (44.1ರಿಂದ 33 ಕಳೆದು) ಬೀಳುತ್ತದೆ. ಸ್ವರ ಮೇಲೆ ಹೋದಂತೆ ಈ ನೆರಳೂ 3.9 ಕಿಲೋಹರ್ಟ್ಸ್ ಕೆಳಗಿಂದ ಅದರ ಬೆನ್ನು ಹತ್ತುತ್ತದೆ, ಜೋರೂ ಆಗುತ್ತದೆ. ಚಕ್ರತಾಳದಲ್ಲಿ ಇರುವುದೇ ಇಂಥ ಎತ್ತರದ ಸದ್ದು, ಅಲ್ವಾ? ತಾಳಮದ್ದಳೆಯ ಅರ್ಥಗಾರಿಕೆಗೆ (ಅದು ಬರೀ ಮಾತು) ಲೀನಿಯರ್ ನಡೆದೀತು. ಚಕ್ರತಾಳ ಇರುವ ತೆಂಕುತಿಟ್ಟಿನ ಆಟಕ್ಕೆ ಖಂಡಿತ ಬೇಡ.

ವೇಗದ ಸಿಂಕ್‌ನಲ್ಲಿ ಗರಗರ ಮಾಯ. ಸಿಂಕ್ ವಿಧಾನ ಅಕ್ಕಪಕ್ಕದ ಹತ್ತಾರು ಸ್ಯಾಂಪಲ್‌ಗಳನ್ನು ನೋಡಿ ಲೆಕ್ಕ ಹಾಕುತ್ತದೆ, ನೆರಳನ್ನು ಅಳಿಸುತ್ತದೆ. ಆದರೆ ಈ ವೇಗದ ಆಯ್ಕೆ ಉಳಿಸಿಕೊಳ್ಳುವುದು 44.1ರ ಅರ್ಧವಾದ 22.05 ಕಿಲೋಹರ್ಟ್ಸ್‌ನ ಶೇಕಡಾ 80ರಷ್ಟು ವ್ಯಾಪ್ತಿ. ಅಂದರೆ 17.6 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದು ಕುಗ್ಗುತ್ತದೆ. ನನ್ನ ಕಿವಿಗೆ ಅದು ಸಿಗಲಿಲ್ಲ. ಚಿಕ್ಕ ವಯಸ್ಸಿನವರಿಗೆ ಸಿಗಬಹುದು.

ಅತ್ಯುತ್ತಮ ಸಿಂಕ್ ಮತ್ತು ಸಾಕ್ಸ್ ನಡುವೆ ವ್ಯತ್ಯಾಸ ಹುಡುಕಿ ಹುಡುಕಿ ಸೋತೆ. ಹೆಸರು ಮುಚ್ಚಿಟ್ಟು ಕೇಳಿದಾಗ ಯಾವುದು ಯಾವುದೆಂದು ಹೇಳಲು ಆಗಲಿಲ್ಲ. ಸಾಕ್ಸ್ ಬೇಗ ಮುಗಿಸುತ್ತದೆ. ಇಡೀ ರಾತ್ರಿಯ ಆಟ ಇರುವವರಿಗೆ ಅದೇ ದೊಡ್ಡ ಲಾಭ.

ಸಾಕ್ಸ್ ಒಂದು ಎಚ್ಚರಿಕೆ ಕೊಟ್ಟಿತು: ಕೆಲವು ಸ್ಯಾಂಪಲ್‌ಗಳು ಕ್ಲಿಪ್ ಆಗಿವೆ, ಅಂದರೆ ಮಿತಿ ದಾಟಿ ತುದಿ ಕತ್ತರಿಸಿಹೋಗಿವೆ ಎಂದು. ಚೆಂಡೆಯ ಪೆಟ್ಟು ಮೊದಲೇ ಮಿತಿಯವರೆಗೆ ತುಂಬಿತ್ತು. ನಿಜವಾದ ಶಿಖರ ಎರಡು ಸ್ಯಾಂಪಲ್‌ಗಳ ನಡುವೆ ಅಡಗಿರುತ್ತದೆ, ಹೊಸ ಸ್ಯಾಂಪಲ್ ಅಲ್ಲಿಯೇ ಬಿದ್ದರೆ ಮಿತಿ ದಾಟುತ್ತದೆ. ಮೊದಲೇ 3 ಡೆಸಿಬೆಲ್ ಇಳಿಸಿದೆ, ಸರಿಯಾಯಿತು.

ಸಾಕ್ಸ್‌ನ ಮಿನಿಮಮ್ ಫೇಸ್ ಆಯ್ಕೆಯನ್ನೂ ನೋಡಿದೆ, ಅದರಲ್ಲಿ ಫಿಲ್ಟರ್‌ನ ಕಂಪನ ಪೆಟ್ಟಿನ ನಂತರ ಮಾತ್ರ ಬರುತ್ತದೆ. ಮಾಮೂಲಿ ಲೀನಿಯರ್ ಫೇಸ್‌ನಲ್ಲಿ (ಇದು ಮೇಲಿನ ಲೀನಿಯರ್ ವಿಧಾನ ಅಲ್ಲ) ಪೆಟ್ಟಿಗೆ ಮುಂಚೆಯೇ ಒಂದು ಸಣ್ಣ ಕಂಪನ ಚಿತ್ರದಲ್ಲಿ ಕಾಣುತ್ತದೆ. ಅದು ಇರುವುದು 22 ಕಿಲೋಹರ್ಟ್ಸ್‌ನ ಹತ್ತಿರ, ಕೇಳುವುದಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳದೆ ಲೀನಿಯರ್ ಫೇಸ್ ಇಟ್ಟೆ. ಚೆಂಡೆಯ ಮೈಕ್ ಮತ್ತು ಭಾಗವತರ ಮೈಕ್ ಬೇರೆ ಬೇರೆ ಇದ್ದರೆ ಎರಡಕ್ಕೂ ಒಂದೇ ಆಯ್ಕೆ ಇರಲಿ, ಇಲ್ಲದಿದ್ದರೆ ಸೇರಿಸಿದಾಗ ಮೇಲಿನ ಸದ್ದು ಹೊಂದುವುದಿಲ್ಲ.

ಈಗ ನನ್ನ ಕ್ರಮ ಹೀಗೆ. 24 ಬಿಟ್‌ನಲ್ಲೇ 3 ಡೆಸಿಬೆಲ್ ಇಳಿಸುವುದು, ಸಾಕ್ಸ್‌ನ ವೆರಿ ಹೈ, ಕೊನೆಗೆ ಡಿದರ್ (ಬಿಟ್ ಇಳಿಸುವಾಗ ಬರುವ ವಿಕೃತಿ ಮರೆಸಲು ಸೇರಿಸುವ ಸಣ್ಣ ಗದ್ದಲ) ಹಾಕಿ 16 ಬಿಟ್. 48ರ ಮೂಲ ಫೈಲ್ ಹಾಗೇ ಉಳಿಯುತ್ತದೆ. ದೊಡ್ಡಪ್ಪನ ಎರಡು ಸಿಡಿ ತಯಾರಾಗಿವೆ, ಭಾನುವಾರ ಕೊಟ್ಟು ಬರಬೇಕು.