ಟೆರೇಸ್ ಮೇಲೆ ಕಟ್ಟಿದ ಪರ್ಗೋಲ, ಅಂಗಳಕ್ಕೆ ತಂದ ಕಿಟ್: ಎರಡನ್ನೂ ಮಾಡಿ ನೋಡಿದ ಮೇಲೆ

ಪುಣೆಯ ಸಿಂಹಗಡ ರಸ್ತೆಯಲ್ಲಿರುವ ನಮ್ಮ ಮನೆಯ ಟೆರೇಸ್ ಮೇಲೆ ಒಂದು ಪರ್ಗೋಲ ಇದೆ, ಅಂದರೆ ಕಂಬಗಳ ಮೇಲೆ ಅಡ್ಡಪಟ್ಟಿ ಹಾಕಿದ ನೆರಳಿನ ಚೌಕಟ್ಟು. ಅಳತೆ ಹಾಕಿದ್ದು, ಕೊರೆದದ್ದು, ಬಣ್ಣ ಬಳಿದದ್ದು ಎಲ್ಲ ನಾನೇ. ವೆಲ್ಡಿಂಗ್‌ಗೆ ಮಾತ್ರ ಜನ ಕರೆಸಿದೆ. ತಳೇಗಾಂವ್‌ನಲ್ಲಿ ಅಕ್ಕನ ಮನೆಯ ಅಂಗಳದಲ್ಲಿ ಇನ್ನೊಂದು ಇದೆ. ಅದು ಅಲ್ಯೂಮಿನಿಯಂ ಕಿಟ್. ಪೆಟ್ಟಿಗೆಗಳಲ್ಲಿ ಬಂತು, ನಾನು ಮತ್ತು ಭಾವ ಸೇರಿ ಜೋಡಿಸಿದೆವು. ಎರಡೂ 10 ಅಡಿಗೆ 12 ಅಡಿ. ಎರಡೂ ಬೇಸಿಗೆ ಕಂಡಿವೆ, ಮಳೆಗಾಲವನ್ನೂ ಕಂಡಿವೆ. ಅದಕ್ಕೇ ಧೈರ್ಯವಾಗಿ ಹೋಲಿಸಿ ಬರೆಯುತ್ತಿದ್ದೇನೆ.

ಕಿಟ್ ತರೋದಾ, ಕಟ್ಟಿಸೋದಾ ಎಂದು ಯಾರಾದರೂ ಕೇಳಿದರೆ ನಾನು ದುಡ್ಡಿನ ಮಾತು ಆಮೇಲೆ ಎತ್ತುತ್ತೇನೆ. ಮೊದಲು ಕೇಳುವುದು ಇಷ್ಟೇ: ಕಂಬದ ಕೆಳಗೆ ಏನಿದೆ?

ಪುಣೆ, ಮುಂಬೈ ಕಡೆ ಟೆರೇಸ್‌ಗೆ ಸಾಮಾನ್ಯವಾಗಿ ಕೋಬಾ ಹಾಕಿರುತ್ತಾರೆ. ಸ್ಲ್ಯಾಬ್ ಮೇಲೆ ಇಟ್ಟಿಗೆ ಚೂರು, ಸಿಮೆಂಟ್ ಗಾರೆ, ಅದರ ಮೇಲೆ ಚೈನಾ ಮೊಸಾಯಿಕ್, ಅಂದರೆ ಒಡೆದ ಟೈಲ್ ಚೂರುಗಳ ಹಾಸು. ನಾಲ್ಕಾರು ಇಂಚು ದಪ್ಪ ಇರುತ್ತದೆ. ಮಳೆ ನೀರು ಮನೆಯೊಳಗೆ ಇಳಿಯದಂತೆ ಕಾಯುವುದೇ ಈ ಪದರ. ಕಂಬವನ್ನು ನೆಲಕ್ಕೆ ಬಿಗಿಯಲು ಕಿಟ್ ಜೊತೆ ಬರುವ ಆ್ಯಂಕರ್ ಬೋಲ್ಟ್ ಸುಮಾರು ನಾಲ್ಕು ಇಂಚು ಉದ್ದ. ಅದನ್ನು ಟೆರೇಸ್‌ನಲ್ಲಿ ಕೂರಿಸಿದರೆ ಕಾಂಕ್ರೀಟ್ ಸಿಗುವುದೇ ಇಲ್ಲ, ಬರೀ ಇಟ್ಟಿಗೆ ಚೂರನ್ನು ಹಿಡಿದಿರುತ್ತದೆ. ಮೇಲಿಂದ ಕೋಬಾಕ್ಕೆ ತೂತು ಬೇರೆ ಬೀಳುತ್ತದೆ. ನಮ್ಮ ವೆಲ್ಡರ್ ವಿಜಯಪುರದ ಇಂಡಿ ಕಡೆಯವರು. ಮೆಟ್ಟಿಲು ಹತ್ತಿ ಬಂದವರೇ ನೆಲಕ್ಕೆ ಸುತ್ತಿಗೆಯಿಂದ ತಟ್ಟಿ ನೋಡಿ, "ಇದ್ರಾಗ ಬೋಲ್ಟ್ ಹಿಡಿಯಂಗಿಲ್ರಿ ಸರ, ಮ್ಯಾಲೇ ಕಟ್ಟೆ ಹಾಕ್ರಿ" ಎಂದರು.

ಅವರ ಮಾತಿನಂತೆಯೇ ಮಾಡಿದೆವು. ಒಂದೂವರೆ ಅಡಿ ಚೌಕ, ಒಂದಡಿ ಎತ್ತರದ ನಾಲ್ಕು ಕಾಂಕ್ರೀಟ್ ಕಟ್ಟೆಗಳು. ಒಂದೊಂದೂ ಸುಮಾರು 150 ಕೆಜಿ. ಇಷ್ಟು ಭಾರವನ್ನು ಸ್ಲ್ಯಾಬಿನ ನಡುವೆ ಇಡಬಾರದು. ಕೆಳಗಿನ ಮನೆಯಲ್ಲಿ ಬೀಮ್ ಎಲ್ಲಿ ಹಾದು ಹೋಗಿದೆ ಎಂದು ಅಳೆದು, ಅದರ ನೇರಕ್ಕೇ ಇಟ್ಟೆವು. ಕೋಬಾಕ್ಕೆ ಒಂದು ತೂತೂ ಬೀಳಲಿಲ್ಲ. ಮಳೆಗಾಲದಲ್ಲಿ ಕೆಳಗಿನ ಕೋಣೆಯ ಸೀಲಿಂಗ್ ನೋಡುತ್ತಲೇ ಇದ್ದೆ, ಒಂದು ಕಲೆ ಬಂದಿಲ್ಲ.

ಅಕ್ಕನ ಅಂಗಳದ ಕಥೆ ಬೇರೆ. ಅಲ್ಲಿ ಮಣ್ಣಿನ ನೆಲ. ಒಂದೂವರೆ ಅಡಿ ಚೌಕ, ಎರಡಡಿ ಆಳದ ಗುಂಡಿ ತೋಡಿ ಕಾಂಕ್ರೀಟ್ ತುಂಬಿದೆವು. ಅದು ಗಟ್ಟಿಯಾಗಲು ಬಿಟ್ಟು, ಆಮೇಲೆ ಕಿಟ್‌ನ ಕಂಬಗಳನ್ನು ಬೋಲ್ಟ್ ಮಾಡಿದೆವು. ಒಂದು ಗುಂಡಿಯ ಕಾಂಕ್ರೀಟೇ 300 ಕೆಜಿ ಆಗುತ್ತದೆ. ಇಷ್ಟೊಂದು ಯಾಕೆ ಎಂದರೆ ಗಾಳಿ. ಕಟ್ಟಡ ಕಟ್ಟುವವರು ಪಾಲಿಸುವ ಭಾರತೀಯ ಮಾನಕದಲ್ಲಿ ಪುಣೆಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಮೀ. ಮುಂಬೈಗೆ 44 ಮೀಟರ್. 39ರ ಗಾಳಿ ಒಂದು ಚದರ ಮೀಟರಿಗೆ 90 ಕೆಜಿಗಿಂತ ಜಾಸ್ತಿ ಒತ್ತಡ ಹಾಕಬಲ್ಲದು. 10 ಅಡಿಗೆ 12 ಅಡಿಯ ಮುಚ್ಚಿದ ಮಾಡು ಎಂದರೆ ಲೆಕ್ಕ ಹತ್ತಿರ ಹತ್ತಿರ ಒಂದು ಟನ್. ಅಕ್ಕನ ಕಿಟ್‌ನಲ್ಲಿ ಮೇಲಿನ ಪಟ್ಟಿಗಳನ್ನು ತಿರುಗಿಸಿ ಪೂರ್ತಿ ಮುಚ್ಚಬಹುದು. ಹಾಗಾಗಿ ಬುಡಕ್ಕೆ ಅಷ್ಟು ತೂಕ ಬೇಕೇ ಬೇಕು. ಜೋರು ಗಾಳಿ ಬಂದಾಗ ಪಟ್ಟಿ ತೆರೆದಿಡಿ ಎಂದು ಕಿಟ್‌ನ ಪುಸ್ತಕದಲ್ಲೇ ಬರೆದಿದ್ದಾರೆ. ಅಕ್ಕ ಅದನ್ನು ತಪ್ಪದೆ ಮಾಡುತ್ತಾಳೆ. ನನ್ನದು ಮೇಲೆ ತೆರೆದೇ ಇರುವ ಚೌಕಟ್ಟು, ಗಾಳಿ ನಡುವೆ ಹಾದು ಹೋಗುತ್ತದೆ. ಮುಂದೆ ಯಾವಾಗಲಾದರೂ ಪಾಲಿಕಾರ್ಬೊನೇಟ್ ಶೀಟ್ ಹಾಕಬೇಕೆಂಬ ಆಸೆ ಇದ್ದವರು ದಯವಿಟ್ಟು ಈ ಲೆಕ್ಕವನ್ನು ಮೊದಲೇ ಮಾಡಿಸಿ. ಶೀಟ್ ಹಾಕಿದ ಮರುದಿನದಿಂದ ಅದು ಬೇರೆಯೇ ವಸ್ತು.

ಅಳತೆಯ ವಿಷಯದಲ್ಲಿ ಕಟ್ಟಿಸುವುದೇ ಮೇಲು. ನೀರು ಹರಿಯಲಿ ಎಂದು ಟೆರೇಸ್‌ಗೆ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಒಂದು ಎಂದರೂ 12 ಅಡಿಗೆ ಸುಮಾರು ಒಂದೂವರೆ ಇಂಚು ವ್ಯತ್ಯಾಸ. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಪೈಪು) ಹಿಡಿದು, ಒಂದೊಂದು ಕಂಬವನ್ನೂ ಅದಕ್ಕೆ ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿದೆವು. ಕಿಟ್‌ನ ಕಂಬಗಳೆಲ್ಲ ಒಂದೇ ಉದ್ದ, ಕೆಳಗೆ ತಗಡು ಸೇರಿಸಿ ಸರಿದೂಗಿಸಬೇಕು. ಮೂಲೆ ಸರಿಯಾಗಿದೆಯಾ ಎಂದು ನೋಡಲು ಎರಡಕ್ಕೂ ಒಂದೇ ದಾರಿ: ಎದುರು ಮೂಲೆಗಳ ನಡುವೆ ಟೇಪ್ ಹಿಡಿಯಿರಿ. 10ಕ್ಕೆ 12 ಇದ್ದರೆ ಎರಡೂ ಕಡೆ 15 ಅಡಿ ಏಳೂವರೆ ಇಂಚು ಬರಬೇಕು. ಕಿಟ್‌ಗೆ ಇದು ಇನ್ನೂ ಮುಖ್ಯ. ಬುಡದಲ್ಲಿ ಚೂರು ಓರೆಯಾದರೂ ಮೇಲೆ ಬೋಲ್ಟಿನ ತೂತುಗಳು ಕೂಡುವುದಿಲ್ಲ.

ಈಗ ನೆರಳು. ಪರ್ಗೋಲ ಬೇಕಾಗಿರುವುದೇ ಇದಕ್ಕೆ ಅಲ್ವಾ? ಪುಣೆಯಲ್ಲಿ ಮೇ ನಡುವೆ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ. ಆ ಹೊತ್ತಿಗೆ ಅಡ್ಡಪಟ್ಟಿಗಳ ನೆರಳು ಪಟ್ಟಿಯಷ್ಟೇ ಅಗಲ. ಚಿತ್ರಗಳಲ್ಲಿ ಕಾಣುವಂತೆ ಒಂದೂವರೆ ಅಡಿಗೊಂದು ಪಟ್ಟಿ ಹಾಕಿದರೆ ಏಪ್ರಿಲ್ ಮಧ್ಯಾಹ್ನ ಸುಮ್ನೆ ಬಿಸಿಲಲ್ಲೇ ಕೂತಂತೆ. ನಾವು ಟೆರೇಸ್‌ನಲ್ಲಿ ಕೂರುವುದು ನಾಲ್ಕು ಗಂಟೆ ಮೇಲೆ. ಆಗ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬರುತ್ತದೆ. ಅದಕ್ಕೆ ಪಟ್ಟಿಗಳನ್ನು ಉತ್ತರ ದಕ್ಷಿಣವಾಗಿ ಹಾಕಿಸಿದೆ. ನಾಲ್ಕು ಇಂಚು ಎತ್ತರ, ಒಂದು ಇಂಚು ದಪ್ಪದ ಅಲ್ಯೂಮಿನಿಯಂ ಸೆಕ್ಷನ್‌ಗಳನ್ನು ನಿಲ್ಲಿಸಿ, ನಡುವೆ ನಾಲ್ಕು ಇಂಚು ಸಂದು ಬಿಟ್ಟೆ. ಎತ್ತರವೂ ಸಂದೂ ಸಮ ಇದ್ದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿಳಿದ ಕೂಡಲೇ ನೇರ ಬಿಸಿಲು ನಿಂತುಹೋಗುತ್ತದೆ. ಮೇ ತಿಂಗಳಲ್ಲಿ ಅದು ಆಗುವುದು 3:45ರ ಆಸುಪಾಸು. ನಮಗೆ ಸರಿಯಾಗಿ ಹೊಂದಿತು. ಮಧ್ಯಾಹ್ನದ ಬಿಸಿಲಿಗೆಂದು ಮಾರ್ಚ್‌ನಿಂದ ಮೇವರೆಗೆ ಕೆಳಗೆ ತಂತಿ ಎಳೆದು 75 ಶೇಕಡಾ ಶೇಡ್ ನೆಟ್ ಕಟ್ಟುತ್ತೇವೆ. ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾಗುವ ಸೂಚನೆ ಕಂಡರೆ ಬಿಚ್ಚಿಡುತ್ತೇವೆ. ಒಂದು ಕಂಬಕ್ಕೆ ಮಧುಮಾಲತಿ ಹಬ್ಬಿಸಿದ್ದೇವೆ, ಅದು ಬೆಳೆದಂತೆ ನೆಟ್‌ನ ಕೆಲಸ ಕಡಿಮೆಯಾಗುತ್ತಿದೆ.

ಆದರೂ ನಿಜ ಹೇಳಬೇಕು: ನೆರಳಿನಲ್ಲಿ ಅಕ್ಕನ ಕಿಟ್ ಗೆಲ್ಲುತ್ತದೆ. ಹಿಡಿಕೆ ತಿರುವಿದರೆ ಪಟ್ಟಿಗಳು ಬಿಸಿಲು ಬಂದ ಕಡೆಗೆ ವಾಲುತ್ತವೆ. ಮಳೆ ಬಂದರೆ ಮುಚ್ಚಿಕೊಳ್ಳುತ್ತವೆ, ನೀರು ಸುತ್ತಲಿನ ದೋಣಿಗೆ (ಅಂಚಿನ ನೀರಿನ ಕಾಲುವೆಗೆ) ಬಿದ್ದು ಕಂಬದ ಒಳಗಿನಿಂದಲೇ ಕೆಳಗಿಳಿಯುತ್ತದೆ. ತಳೇಗಾಂವ್‌ನಲ್ಲಿ ಪುಣೆ ಊರಿಗಿಂತ ಮಳೆ ಜಾಸ್ತಿ. ಆ ಮಳೆಯಲ್ಲೂ ಅಕ್ಕ ಕೆಳಗೆ ಕೂತು ಚಹಾ ಕುಡಿಯುತ್ತಾಳೆ. ತೊಂದರೆ ಒಂದೇ. ಪಕ್ಕದ ಗುಲ್ಮೊಹರ್ ಮರದ ಸಣ್ಣ ಸಣ್ಣ ಎಲೆಗಳು ದೋಣಿಯಲ್ಲಿ ತುಂಬಿ ಕಂಬದ ಬಾಯಿ ಕಟ್ಟುತ್ತದೆ. ಆಗ ನೀರು ಅಂಚಿನಿಂದ ಚೆಲ್ಲುತ್ತದೆ. ಮರದ ಕೆಳಗೆ ಇಂಥ ಕಿಟ್ ಹಾಕುವವರು ಆಗಾಗ ಏಣಿ ಹತ್ತಲು ತಯಾರಿರಬೇಕು.

ತುಕ್ಕಿನ ಕೆಲಸ ನನ್ನ ಪಾಲಿಗೆ ಜಾಸ್ತಿ. ಕಂಬ, ಬೀಮ್ ಎಲ್ಲ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಚೌಕ ಪೈಪ್. ಪೈಪಿನ ಬಾಯಿಗೆಲ್ಲ ತಗಡು ವೆಲ್ಡ್ ಮಾಡಿ ಮುಚ್ಚಿಸಿದೆ, ಇಲ್ಲದಿದ್ದರೆ ನೀರು ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತದೆ. ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎನಾಮಲ್ ಬಣ್ಣ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒದ್ದೆಯಲ್ಲಿ ನೇರ ತಾಗಿದರೆ ಅಲ್ಯೂಮಿನಿಯಂ ಬೇಗ ಹಾಳಾಗುತ್ತದೆ. ಅದಕ್ಕೆ ನಡುವೆ ರಬ್ಬರ್ ವಾಷರ್ ಹಾಕಿದ್ದೇವೆ. ಪ್ರತಿ ಮಳೆಗಾಲಕ್ಕೆ ಮುಂಚೆ ವೆಲ್ಡಿಂಗ್ ಜಾಗಗಳನ್ನು ಉಜ್ಜಿ ಬಣ್ಣ ಕೊಡಬೇಕು. ಅಕ್ಕನ ಕಿಟ್‌ಗೆ ಇದ್ಯಾವುದೂ ಬೇಡ, ಒರೆಸಿದರೆ ಸಾಕು.

ದುಡ್ಡು: ನನ್ನದು ಕಾಂಕ್ರೀಟ್, ಕೂಲಿ, ಬಣ್ಣ ಎಲ್ಲ ಸೇರಿ 60 ಸಾವಿರದ ಒಳಗೆ ಮುಗಿಯಿತು. ಕಿಟ್‌ಗೆ ಅದರ ಎರಡೂವರೆ ಪಟ್ಟು ಬಿತ್ತು, ಗುಂಡಿ ತೋಡಿಸಿದ ಕೂಲಿ ಬೇರೆ. ಪೈಪ್‌ಗೆ ಭವಾನಿ ಪೇಠ್ ಕಡೆ ಹೋಗಿ ಎರಡು ಮೂರು ಅಂಗಡಿಯಲ್ಲಿ ಕೇಳಿ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ, ಹಾಗಾಗಿ ಪೈಪಿನ ದಪ್ಪ ಎಷ್ಟು ಎಂದು ಕೇಳಿಯೇ ದರ ಮಾತಾಡಿ.

ಹೌಸಿಂಗ್ ಸೊಸೈಟಿಯಲ್ಲಿರುವವರು ಯಾವುದನ್ನು ಹಾಕಿದರೂ ಮೊದಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಡಿಗೆ ಮನೆಯವರಿಗೆ ಅಂಗಳ ಇದ್ದರೆ ಕಿಟ್ಟೇ ಸರಿ, ಬಿಚ್ಚಿಕೊಂಡು ಹೋಗಬಹುದು.

ಗೋವಾ, ಮುಂಬೈನ ಸಮುದ್ರದ ಹತ್ತಿರ ಇರುವ ನಮ್ಮವರಿಗೆ ಮಾತ್ರ ನಾನು ಎಂಎಸ್ ಪೈಪ್ ಹೇಳುವುದಿಲ್ಲ. ಉಪ್ಪು ಗಾಳಿಗೆ ಬಣ್ಣ ಹೆಚ್ಚು ದಿನ ತಡೆಯುವುದಿಲ್ಲ. ಅಲ್ಲಿ ಅಲ್ಯೂಮಿನಿಯಂ ಕಿಟ್ ತಗೊಳ್ಳಿ, ಆದರೆ ಬೋಲ್ಟ್ ಯಾವ ಸ್ಟೀಲಿನದು ಎಂದು ಕೊಳ್ಳುವ ಮೊದಲೇ ಕೇಳಿ. ಉಪ್ಪು ಗಾಳಿಯನ್ನು ಚೆನ್ನಾಗಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಅಲ್ಲದಿದ್ದರೆ ಅಂಗಡಿಯಿಂದ ಅದನ್ನು ಬೇರೆ ತಂದು, ಜೋಡಿಸುವಾಗಲೇ ಬದಲಿಸಿಬಿಡಿ.