ಧಾರೆಯ ಒಂದು ಚಿತ್ರವೂ ಉಳಿಯಲಿಲ್ಲ: ಮದುವೆ ಪ್ಯಾಕೇಜು ಒಪ್ಪುವವರಿಗೂ ಅದರಲ್ಲಿ ಕೆಲಸ ಮಾಡುವ ಫೋಟೋಗ್ರಾಫರುಗಳಿಗೂ ಒಂದು ಎಚ್ಚರಿಕೆ

ಹದಿನಾರು ವರ್ಷಗಳಿಂದ ಹಾಸನ, ತುಮಕೂರು, ಮಂಡ್ಯ, ಬೆಂಗಳೂರುಗಳ ಕಲ್ಯಾಣ ಮಂಟಪಗಳಲ್ಲಿ ಮದುವೆಯ ಫೋಟೋ ತೆಗೆಯುವುದೇ ನನ್ನ ಜೀವನೋಪಾಯ. ಕಳೆದ ವೈಶಾಖದಲ್ಲಿ ತುಮಕೂರಿನಲ್ಲಿ ನಡೆದ ಒಂದು ಮದುವೆಯಲ್ಲಿ, ಅಂತರಪಟ ಸರಿದ ಕ್ಷಣದಿಂದ ಮಾಂಗಲ್ಯಧಾರಣೆಯವರೆಗೆ ನಾನು ತೆಗೆದ ನೂರಾರು ಚಿತ್ರಗಳಲ್ಲಿ ಒಂದೂ ಇಂದು ಯಾರ ಬಳಿಯೂ ಇಲ್ಲ. ಕ್ಯಾಮೆರಾ ಕೆಟ್ಟಿರಲಿಲ್ಲ, ಕಾರ್ಡು ಕಳೆದಿರಲಿಲ್ಲ, ನಾನು ತಡವಾಗಿಯೂ ಹೋಗಿರಲಿಲ್ಲ. ಆ ಚಿತ್ರಗಳನ್ನು ಒಂದೇ ಕಡೆ ಇಡುವ ಷರತ್ತಿಗೆ ನಾನು ಒಪ್ಪಿದ್ದೆ, ಅವು ಯಾರ ಕೈಯಲ್ಲಿ ಉಳಿಯುತ್ತವೆ ಎಂದು ಮದುವೆ ಮನೆಯವರು ಕೇಳಿರಲಿಲ್ಲ. ಇದೇ ಬಗೆಯ ವ್ಯವಹಾರ ಈಗ ಊರೂರಿನಲ್ಲಿ ನಡೆಯುತ್ತಿರುವುದರಿಂದ ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಆ ಕೆಲಸ ನನಗೆ ಬಂದದ್ದು ಮದುವೆ ಮನೆಯಿಂದಲ್ಲ. ಹೂವಿನ ಅಲಂಕಾರ, ವಾದ್ಯ, ಊಟ, ಫೋಟೋ, ವಿಡಿಯೋ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತಕ್ಕೆ ಮಾತನಾಡಿಕೊಳ್ಳುವ ಬೆಂಗಳೂರಿನ ಒಂದು ಸಂಸ್ಥೆ, ಫೋಟೋ ಭಾಗವನ್ನು ನನ್ನಂಥವರಿಗೆ ದಿನಗೂಲಿಯ ಲೆಕ್ಕದಲ್ಲಿ ಹಂಚುತ್ತದೆ. ಮದುವೆ ಮನೆಯವರಿಗೆ ಅವರು ತೋರಿಸಿದ್ದ ಮಾದರಿ ಆಲ್ಬಂಗಳು ಬೇರೆ ಯಾರೋ ತೆಗೆದವು; ಮದುವೆಯ ದಿನ ಕ್ಯಾಮೆರಾ ಹಿಡಿದು ನಿಂತವನು ನಾನು. ಆರತಕ್ಷತೆ ಮತ್ತು ಮುಹೂರ್ತ ಸೇರಿ ಎರಡು ದಿನಕ್ಕೆ ಮೂವತ್ತು ಸಾವಿರ ರೂಪಾಯಿ ಎಂದು ಮಾತಾಯಿತು, ಎಂಟು ಸಾವಿರ ಮುಂಗಡ ಬಂತು. ವೈಶಾಖದಲ್ಲಿ ಒಂದೊಂದು ಮುಹೂರ್ತಕ್ಕೂ ಕೈತುಂಬ ಕೆಲಸವಿರುತ್ತದೆ. ಆಷಾಢ ಬಂದರೆ ಕೈ ಖಾಲಿ. ಆದ್ದರಿಂದ ಸಿಕ್ಕ ಆರ್ಡರನ್ನು ಬಿಡುವುದು ನಮಗೆ ಸುಲಭವಲ್ಲ. ಲಿಖಿತ ಕರಾರು ಇರಲಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಬಂದ ನಾಲ್ಕು ಸಂದೇಶಗಳಷ್ಟೇ ಇದ್ದವು. ಅವುಗಳಲ್ಲಿ ಒಂದು ಹೀಗಿತ್ತು: ಸಂಸ್ಥೆ ಕೊಡುವ ಕಾರ್ಡುಗಳನ್ನೇ ಬಳಸಬೇಕು, ಕೆಲಸ ಮುಗಿದ ಕೂಡಲೇ ಅವುಗಳನ್ನು ಸಂಸ್ಥೆಯ ಹುಡುಗನಿಗೆ ಒಪ್ಪಿಸಬೇಕು, ಯಾವ ಚಿತ್ರದ ಪ್ರತಿಯನ್ನೂ ಇಟ್ಟುಕೊಳ್ಳಬಾರದು.

ಈ ಷರತ್ತಿನ ಹಿಂದಿನ ಕಾರಣ ನನಗೆ ಗೊತ್ತಿತ್ತು. ಫೋಟೋಗ್ರಾಫರು ಮದುವೆ ಮನೆಯವರೊಡನೆ ನೇರವಾಗಿ ವ್ಯವಹರಿಸಿ ಮುಂದಿನ ಕೆಲಸ ಹಿಡಿಯಬಾರದು, ಚಿತ್ರಗಳನ್ನು ತನ್ನದೆಂದು ಹಾಕಿಕೊಳ್ಳಬಾರದು ಎಂಬುದು ಅವರ ಭಯ. ಆ ಭಯ ಅನ್ಯಾಯದ್ದು ಎಂದು ಈಗಲೂ ಹೇಳಲಾರೆ. ಆದರೆ ನನ್ನ ಕ್ಯಾಮೆರಾದಲ್ಲಿ ಎರಡು ಕಾರ್ಡುಗಳಿಗೆ ಜಾಗವಿದೆ. ಒಂದರಲ್ಲಿ ಬರೆದದ್ದನ್ನೇ ಎರಡನೆಯದರಲ್ಲಿಯೂ ಬರೆಯುವಂತೆ ಹೊಂದಿಸಿದರೆ, ಗುಂಡಿ ಒತ್ತಿದ ಗಳಿಗೆಯಲ್ಲಿಯೇ ಪ್ರತಿಯೊಂದು ಚಿತ್ರಕ್ಕೂ ಎರಡು ಪ್ರತಿಗಳಾಗುತ್ತವೆ. ಹದಿನಾರು ವರ್ಷದ ಅನುಭವವಿರುವ ನಾನು, ಎರಡನೆಯ ಜಾಗವನ್ನು ಖಾಲಿ ಬಿಟ್ಟು ಆ ಮದುವೆಯನ್ನು ತೆಗೆದೆ. ಈ ತಪ್ಪು ನನ್ನದು, ಅದನ್ನು ಆ ಸಂಸ್ಥೆಯ ಮೇಲೆ ಹೊರಿಸುವುದಿಲ್ಲ.

ಹಿಂದಿನ ಸಂಜೆಯ ಆರತಕ್ಷತೆ ರಾತ್ರಿ ಹನ್ನೊಂದೂವರೆಗೆ ಮುಗಿಯಿತು. ಸಂಸ್ಥೆಯ ಹುಡುಗ ಕಾರ್ಡುಗಳನ್ನು ತೆಗೆದುಕೊಂಡು ಹೋಗಿ, ಬೆಳಗಿನ ಐದೂವರೆಗೆ ಅವೇ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಿ ತಂದುಕೊಟ್ಟ. ರಾತ್ರಿಯ ಚಿತ್ರಗಳು ಎಲ್ಲಿ, ಎಷ್ಟು ಕಡೆ ಉಳಿದಿವೆ ಎಂದು ಕೇಳಿದೆ. ಹಾರ್ಡ್ ಡಿಸ್ಕಿನಲ್ಲಿವೆ ಎಂದ. ಒಂದೇ ಡಿಸ್ಕೇ ಎಂದು ಕೇಳುವಷ್ಟರಲ್ಲಿ ಚಪ್ಪರದ ಬಾಗಿಲಲ್ಲಿ ವಾದ್ಯ ಶುರುವಾಗಿ, ವರಪೂಜೆಗೆ ಓಡಬೇಕಾಯಿತು.

ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅಂತರಪಟ ಸರಿಯುವುದು, ವಧೂವರರು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಡುವುದು, ಹಾರ ಬದಲಾಯಿಸುವುದು, ಹೆಣ್ಣಿನ ತಂದೆತಾಯಿ ಧಾರೆ ಎರೆಯುವುದು, ಗಟ್ಟಿಮೇಳದ ನಡುವೆ ತಾಳಿ ಕಟ್ಟುವುದು, ಇವೆಲ್ಲ ಎಷ್ಟು ಬೇಗ ಮುಗಿದುಹೋಗುತ್ತವೆ ಎಂಬುದು ಮಂಟಪದ ಬಳಿ ನಿಂತವರಿಗೇ ಗೊತ್ತು. ಪಟ ಸರಿದಾಗ ಇಬ್ಬರ ಮುಖದಲ್ಲಿ ಕಾಣುವ ಭಾವ ಇರುವುದು ಎರಡು ಮೂರು ಸೆಕೆಂಡು ಮಾತ್ರ, ಅದನ್ನು ಮತ್ತೊಮ್ಮೆ ಮಾಡಿ ಎಂದು ಪುರೋಹಿತರನ್ನು ಕೇಳುವ ಹಾಗಿಲ್ಲ. ಅದಕ್ಕಾಗಿಯೇ ನಾವು ವೇದಿಕೆಯ ತೀರ ಮುಂದೆ, ಎಲ್ಲರ ಕಣ್ಣಿಗೂ ಅಡ್ಡವಾಗಿ ನಿಲ್ಲುತ್ತೇವೆ. ಅಕ್ಷತೆ ಹಿಡಿದು ಕಾಯುತ್ತಿರುವ ನೂರಾರು ಜನರಿಗೆ ನಮ್ಮ ಬೆನ್ನು ಮಾತ್ರ ಕಾಣುತ್ತದೆ. ಅಂದು ವಧುವಿನ ಸೋದರಮಾವನೊಬ್ಬರು ಮೊಬೈಲು ಎತ್ತಿ ಹಿಡಿದು ನನ್ನ ಪಕ್ಕಕ್ಕೆ ಬಂದಾಗ, ಅವರ ಕೈ ಚೌಕಟ್ಟಿನೊಳಗೆ ಬರುತ್ತಿದೆಯೆಂದೂ, ಚಿತ್ರಗಳನ್ನು ನಾನೇ ತೆಗೆದುಕೊಡುತ್ತೇನೆಂದೂ ಹೇಳಿ, ದಯವಿಟ್ಟು ಹಿಂದೆ ಸರಿಯಿರಿ ಎಂದು ಕೇಳಿಕೊಂಡೆ. ಅವರು ಮರುಮಾತಾಡದೆ ಸರಿದರು. ಎಲ್ಲರ ಪರವಾಗಿ ನಾನು ನೋಡುತ್ತಿದ್ದೇನೆ ಎಂಬ ನಂಬಿಕೆಯ ಮೇಲೆಯೇ ಜನ ನಮಗೆ ಆ ಜಾಗ ಬಿಟ್ಟುಕೊಡುತ್ತಾರೆ.

ರಾ ಎಂದರೆ ಕ್ಯಾಮೆರಾ ಸೆರೆಹಿಡಿದ ಮೂಲ ರೂಪದ ಕಡತ; ಅಂಥ ಒಂದೊಂದು ಚಿತ್ರ ಸುಮಾರು ಮೂವತ್ತು ಎಂಬಿ ಆಗುವುದರಿಂದ 64 ಜಿಬಿ ಕಾರ್ಡಿನಲ್ಲಿ ಎರಡು ಸಾವಿರದಷ್ಟು ಚಿತ್ರಗಳು ಹಿಡಿಯುತ್ತವೆ. ಅವರು ಕೊಟ್ಟ ಎರಡನೆಯ ಕಾರ್ಡು ಕ್ಯಾಮೆರಾಕ್ಕೆ ಹಾಕಿದರೆ ದೋಷ ತೋರಿಸುತ್ತಿತ್ತು, ಆದ್ದರಿಂದ ಮೊದಲನೆಯದರಲ್ಲಿಯೇ ಮುಂದುವರಿದೆ. ಲಾಜಹೋಮ ಮುಗಿದು ಸಪ್ತಪದಿ ಆರಂಭವಾಗುವ ಹೊತ್ತಿಗೆ ಅದು ತುಂಬಿತು. ಬೇರೆ ದಾರಿಯಿಲ್ಲದೆ ಚೀಲದಲ್ಲಿದ್ದ ನನ್ನ ಸ್ವಂತ ಕಾರ್ಡನ್ನು ಹಾಕಿದೆ. ಸಪ್ತಪದಿ, ಹಿರಿಯರಿಗೆ ನಮಸ್ಕಾರ, ಊಟದ ಪಂಕ್ತಿ, ಹೆಣ್ಣೊಪ್ಪಿಸುವುದು ಇವೆಲ್ಲ ಆ ಕಾರ್ಡಿನಲ್ಲಿ ಬಂದವು. ಸಂಜೆ ಅದರ ಪ್ರತಿಯನ್ನು ಹುಡುಗನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು, ಕಾರ್ಡನ್ನು ನಾನೇ ತೆಗೆದುಕೊಂಡು ಬಂದು, ಅಭ್ಯಾಸದಂತೆ ಮನೆಯ ಡಿಸ್ಕಿಗೆ ಇಳಿಸಿಟ್ಟೆ. ಧಾರೆಯ ಕಾರ್ಡು ಹುಡುಗನ ಜೇಬಿಗೆ ಹೋಯಿತು. ವಿಡಿಯೋ ತೆಗೆದವನ ಕಾರ್ಡುಗಳೂ ಅದೇ ಜೇಬಿಗೇ ಹೋದವು.

ಬಾಕಿ ಇಪ್ಪತ್ತೆರಡು ಸಾವಿರ ಹದಿನೈದು ದಿನಗಳಲ್ಲಿ ಬರಬೇಕಿತ್ತು, ಇವತ್ತಿನವರೆಗೂ ಬಂದಿಲ್ಲ. ಆದರೆ ಈ ಬರಹದ ಕಾರಣ ಆ ಹಣವಲ್ಲ.

ಶ್ರಾವಣದಲ್ಲಿ ವಧುವಿನ ತಂದೆ ನನ್ನ ಸಂಖ್ಯೆಯನ್ನು ವಾದ್ಯದವರಿಂದ ಪಡೆದು ಕರೆ ಮಾಡಿದರು. ಆಲ್ಬಂ ಕೊಡುವ ಮುಂಚೆ ಪುಟಗಳು ಹೆಚ್ಚಾಗಿವೆ, ಎಡಿಟಿಂಗ್ ಬೇರೆ ಎಂದು ಸಂಸ್ಥೆಯವರು ಇನ್ನೂ ಅರವತ್ತು ಸಾವಿರ ಕೇಳಿದ್ದರಂತೆ. ಮಾತನಾಡಿಕೊಂಡ ಮೊತ್ತವನ್ನು ಮದುವೆಯ ದಿನವೇ ಪೂರ್ತಿ ಕೊಟ್ಟಿದ್ದೇವೆ, ಕನಿಷ್ಠ ಚಿತ್ರಗಳನ್ನಾದರೂ ಹಾಗೆಯೇ ಕೊಡಿ ಎಂದು ಇವರು ಕೇಳಿದ್ದಕ್ಕೆ, ಹೆಚ್ಚಿನ ಹಣ ಬಂದ ಮೇಲೆಯೇ ಎಂಬ ಉತ್ತರ ಬಂದಿತ್ತು. ಎರಡು ತಿಂಗಳ ಜಗ್ಗಾಟದ ನಂತರ ಇವರು ಸೋತು ಅರ್ಧ ಹಣ ಕೊಡಲು ಒಪ್ಪಿದಾಗ, ಹಾರ್ಡ್ ಡಿಸ್ಕ್ ಕೆಟ್ಟುಹೋಗಿದೆ, ಆರತಕ್ಷತೆಯ ಒಂದಿಷ್ಟು ಚಿತ್ರಗಳು ಮಾತ್ರ ಎಡಿಟ್ ಮಾಡುವವರ ಬಳಿ ಇವೆ ಎಂದರು. ನಾನು ಆ ಹುಡುಗನನ್ನು ಹುಡುಕಿ ಕೇಳಿದಾಗ, ಧಾರೆಯ ಕಾರ್ಡನ್ನು ಮಾರನೆಯ ದಿನವೇ ಇನ್ನೊಂದು ಮದುವೆಗೆ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದಾಗಿ ಹೇಳಿದ.

ಇಲ್ಲಿ ಎಲ್ಲರೂ ತಿಳಿದಿರಬೇಕಾದ ವಿಷಯವೊಂದಿದೆ. ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದ ಚಿತ್ರಗಳು ಸಾಮಾನ್ಯವಾಗಿ ಆ ಕ್ಷಣದಲ್ಲಿಯೇ ಅಳಿದುಹೋಗುವುದಿಲ್ಲ, ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ಮಾತ್ರ ಖಾಲಿಯಾಗುತ್ತದೆ. ಅದರ ಮೇಲೆ ಹೊಸದನ್ನು ಬರೆಯದೆ ಕಾರ್ಡನ್ನು ತಕ್ಷಣ ಹೊರತೆಗೆದಿಟ್ಟರೆ ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದಲೂ ಬಹಳಷ್ಟನ್ನು ಮರಳಿ ಪಡೆಯಬಹುದು. ಕಾರ್ಡಿನ ಮೇಲೆ ಮತ್ತೊಂದು ಮದುವೆ ಬರೆದಾದ ಮೇಲೆ ಹಳೆಯದು ಸಿಗುವುದಿಲ್ಲ. ನಾವು ವಿಷಯ ತಿಳಿದು ವಿಚಾರಿಸುವ ಹೊತ್ತಿಗೆ ಆ ಕಾರ್ಡು ಎಷ್ಟು ಮದುವೆ ಕಂಡಿತ್ತೋ.

ಪ್ಯಾಕೇಜು ಮಾತನಾಡಲು ಹೊರಟಿರುವ ಮನೆಯವರು ಅಲಂಕಾರದ ಹೂವಿನ ಬಣ್ಣ ಕೇಳುವ ಮೊದಲು ಫೋಟೋ ತೆಗೆಯಲು ಬರುವವನು ಯಾರು, ಅವನೇ ತೆಗೆದ ಒಂದು ಇಡೀ ಮದುವೆಯ ಚಿತ್ರಗಳನ್ನು ತೋರಿಸಿ ಎಂದು ಕೇಳಬೇಕು. ಆಯ್ದ ಇಪ್ಪತ್ತು ಚಿತ್ರಗಳಿಂದ ಏನೂ ತಿಳಿಯುವುದಿಲ್ಲ. ಮದುವೆಯ ರಾತ್ರಿಯೇ ಮೂಲ ಚಿತ್ರಗಳ ಒಂದು ಪ್ರತಿಯನ್ನು ನಿಮ್ಮದೇ ಹಾರ್ಡ್ ಡಿಸ್ಕಿಗೆ ಹಾಕಿಕೊಡಬೇಕೆಂದು ಕರಾರಿನಲ್ಲಿ ಬರೆಸಿ, ಆ ಡಿಸ್ಕನ್ನು ಮದುವೆಯ ಓಡಾಟವಿಲ್ಲದ ಒಬ್ಬ ಹುಡುಗನ ಕೈಗೆ ಮೊದಲೇ ಕೊಟ್ಟಿಡಿ. ಒಂದು ಮದುವೆಯ ಊಟದ ಎಲೆಗಳ ಲೆಕ್ಕ ನೋಡಲು ಇಬ್ಬರನ್ನು ನಿಲ್ಲಿಸುವ ನಾವು, ಇದಕ್ಕೆ ಒಬ್ಬನನ್ನು ನಿಲ್ಲಿಸಬಹುದು. ಪೂರ್ತಿ ಹಣವನ್ನು ಮದುವೆಯ ದಿನ ಕೊಡಬೇಡಿ, ಕೊನೆಯ ಕಂತು ಆಲ್ಬಂ ಕೈಗೆ ಬಂದ ಮೇಲಿರಲಿ. ಆಲ್ಬಮಿನ ಪುಟಗಳೆಷ್ಟು, ಕೊಡುವ ದಿನ ಯಾವುದು, ಹೆಚ್ಚಿನ ಪುಟಕ್ಕೆ ದರವೆಷ್ಟು ಎಂಬುದು ಮೊದಲೇ ಬರಹದಲ್ಲಿರಲಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇರಲಿ.

ಚಿತ್ರಗಳು ನಮ್ಮ ಸ್ವತ್ತು, ಕೊಡುವುದು ಬಿಡುವುದು ನಮ್ಮಿಷ್ಟ ಎಂದು ಆ ಸಂಸ್ಥೆಯವರು ವಧುವಿನ ತಂದೆಗೆ ಹೇಳಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದುಕೊಟ್ಟ ಛಾಯಾಚಿತ್ರದ ಕೃತಿಸ್ವಾಮ್ಯಕ್ಕೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಾಗೆ ತೆಗೆಸಿದವರೇ ಮೊದಲ ಒಡೆಯರು. ಬೇರೆ ಕರಾರು ಇಲ್ಲದಿದ್ದಲ್ಲಿ ಎಂಬ ಮಾತನ್ನು ಗಮನಿಸಿ. ಅಚ್ಚಾದ ಷರತ್ತುಗಳ ಹಾಳೆಗೆ ಓದದೆ ಸಹಿ ಹಾಕಿದರೆ ಆ ಹಕ್ಕನ್ನು ನಾವೇ ಬರೆದುಕೊಟ್ಟಂತಾಗಬಹುದು. ಸೇವೆಯ ಕೊರತೆಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಸಂಸ್ಥೆ ಬೆಂಗಳೂರಿನಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆದರೆ ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಮೊದಲ ಹೆಜ್ಜೆ ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಧುವಿನ ತಂದೆ ದೂರು ಕೊಟ್ಟಿದ್ದಾರೆ. ನನ್ನ ಬಳಿಯಿದ್ದ ಸಂದೇಶಗಳನ್ನೆಲ್ಲ ಅವರಿಗೆ ಕೊಟ್ಟಿದ್ದೇನೆ, ನನ್ನ ತಪ್ಪನ್ನೂ ಸೇರಿಸಿ ನಡೆದದ್ದನ್ನು ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದೇನೆ.

ನನ್ನ ವೃತ್ತಿಯ ಗೆಳೆಯರಿಗೆ ಹೇಳುವುದು ಇಷ್ಟು. ಕಾರ್ಡು ಯಾರದಾದರೂ ಆಗಿರಲಿ, ಎರಡನೆಯ ಜಾಗದಲ್ಲಿ ನಿಮ್ಮದೊಂದು ಕಾರ್ಡು ಇರಲೇಬೇಕು. ಅದೂ ಮೊದಲನೆಯದು ತುಂಬಿದ ಮೇಲೆ ಬರೆಯುವ ರೀತಿಯಲ್ಲಲ್ಲ, ಎರಡರಲ್ಲಿಯೂ ಒಟ್ಟಿಗೇ ಬರೆಯುವ ರೀತಿಯಲ್ಲಿ. ಪ್ರತಿ ಇಟ್ಟುಕೊಳ್ಳುವುದನ್ನು ಸಂಸ್ಥೆ ಆಕ್ಷೇಪಿಸಿದರೆ, ಆಲ್ಬಂ ತಲುಪುವವರೆಗೆ ಮಾತ್ರ ಇಟ್ಟುಕೊಂಡು ನಂತರ ಅಳಿಸುತ್ತೇನೆ, ಎಲ್ಲಿಯೂ ಪ್ರಕಟಿಸುವುದಿಲ್ಲ ಎಂದು ಬರೆದುಕೊಡಿ. ಅದಕ್ಕೂ ಒಪ್ಪದವರ ಕೆಲಸವನ್ನು ನಾನಂತೂ ಈಗ ಹಿಡಿಯುತ್ತಿಲ್ಲ, ಈ ವರ್ಷ ಹಾಗೆ ಮೂರು ಆರ್ಡರುಗಳನ್ನು ಬಿಟ್ಟಿದ್ದೇನೆ. ಮದುವೆ ಮನೆಯ ಒಬ್ಬ ಹಿರಿಯರ ಸಂಖ್ಯೆಯನ್ನು ಕೆಲಸಕ್ಕೆ ಮುಂಚೆಯೇ ಪಡೆದುಕೊಳ್ಳಿ. ಶ್ರಾವಣದವರೆಗೆ ಕಾಯದೆ ಆ ಮನೆಯವರೊಡನೆ ಒಂದೇ ವಾರದಲ್ಲಿ ಮಾತನಾಡಿದ್ದರೆ, ಆ ಕಾರ್ಡಿನಿಂದ ಏನಾದರೂ ಉಳಿಯುತ್ತಿತ್ತೇನೋ ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ನನ್ನ ಡಿಸ್ಕಿನಲ್ಲಿದ್ದ ಸಪ್ತಪದಿಯ ನಂತರದ ಚಿತ್ರಗಳನ್ನು ತೆಗೆದುಕೊಂಡು ನಾನು ಆ ಮನೆಗೆ ಹೋದೆ. ವಧುವಿನ ತಾಯಿ ಅಷ್ಟರಲ್ಲಿ ನೆಂಟರಿಷ್ಟರಿಗೆಲ್ಲ ಹೇಳಿ, ಅವರ ಮೊಬೈಲುಗಳಲ್ಲಿದ್ದ ಮುಹೂರ್ತದ ಚಿತ್ರಗಳನ್ನು ತರಿಸಿಕೊಂಡಿದ್ದರು. ಅರವತ್ತಕ್ಕೂ ಹೆಚ್ಚು ಇದ್ದವು. ಧಾರೆಯ ಸಮಯದ ಬಹುತೇಕ ಚಿತ್ರಗಳ ನಡುವೆ ಇದ್ದದ್ದು ನನ್ನ ಬೆನ್ನು. ಒಂದರಲ್ಲಿ ವಧುವಿನ ಬಾಸಿಂಗದ ತುದಿ ನನ್ನ ಹೆಗಲ ಮೇಲಿಂದ ಕಾಣುತ್ತಿತ್ತು, ಇನ್ನೊಂದರಲ್ಲಿ ಕಳಶ ಹಿಡಿದ ಆ ತಾಯಿಯ ಕೈ ಮಾತ್ರ ಇತ್ತು. ಅವರು ಒಂದೊಂದನ್ನೇ ಸರಿಸಿ ತೋರಿಸುತ್ತಿದ್ದಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರು ಬಯ್ಯಲಿಲ್ಲ, ಕಾಫಿ ತಂದುಕೊಟ್ಟರು.

ನಾನು ಹಿಂದೆ ಸರಿಸಿದ್ದ ಸೋದರಮಾವ ಕಂಬದ ಪಕ್ಕಕ್ಕೆ ಹೋಗಿ ನಿಂತು, ನನ್ನ ಮೊಣಕೈ ಮತ್ತು ಕ್ಯಾಮೆರಾದ ನಡುವಿನ ಸಂದಿಯಿಂದ ಒಂದು ಚಿತ್ರ ತೆಗೆದಿದ್ದರು. ಅದರಲ್ಲಿ ತಂದೆತಾಯಿಯ ಕೈಗಳು, ತೆಂಗಿನಕಾಯಿ, ಬೀಳುತ್ತಿರುವ ಧಾರೆಯ ನೀರು ಮತ್ತು ತಲೆ ತಗ್ಗಿಸಿದ ಮಗಳ ಅರ್ಧ ಮುಖ ಇವೆ. ಸ್ವಲ್ಪ ಅಲುಗಿದೆ, ಒಂದು ಅಂಚಿಗೆಲ್ಲ ನನ್ನ ತೋಳಿನ ಕಪ್ಪು ಬಟ್ಟೆ ತುಂಬಿದೆ. ಬಣ್ಣವನ್ನು ತಿದ್ದಿ, ಆ ಅಂಚನ್ನು ಕತ್ತರಿಸಿದರೆ ತಂದೆಯ ಕೈಯೂ ಹೋಗುತ್ತದೆಂದು ಹಾಗೆಯೇ ಉಳಿಸಿ, ಅದನ್ನು ಆಲ್ಬಮಿನ ಮೊದಲ ಪುಟಕ್ಕೆ ಅಚ್ಚು ಹಾಕಿಸಿಕೊಟ್ಟೆ.